‘ಯಾರಿಗಾದರೂ ಬೇಜಾರಾಗುತ್ತದೆ’ ಎನ್ನುವ ವೈದ್ಯರಿಗೆ

(ಮಂಡ್ಯದಲ್ಲಿ ವೈದ್ಯರು, ಆಪ್ತಸಮಾಲೋಚಕರು ಹಾಗೂ ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಮನೋವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ. ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವೈದ್ಯರ ಧೋರಣೆಯ ಬಗ್ಗೆ ಮಾತನಾಡಬೇಕೆಂದು ಕರೆದಿದ್ದೀರಿ. ಎದುರಿಗೆ ಕೂತವರಲ್ಲಿ ಅರ್ಧದಷ್ಟು ಮಂದಿ ವೈದ್ಯರೇ ಇದ್ದೀರಿ. ಹಾಗಾಗಿ ಬೈಗುಳದಿಂದ ಶುರುಮಾಡುವುದಿಲ್ಲ. ಎಚ್‌ಐವಿ ಇರುವವರನ್ನು ಮುಟ್ಟಲು ಹಿಂಜರಿಯುವ, ಒಂದರ ಮೇಲೊಂದು ಕೈಗವಸು ಏರಿಸುವ, ‘ಎಲ್ಲಿಂದ ಹತ್ತಿಸಿಕೊಂಡೆ’ ಎಂದು ವಾರ್ಡಿನ ಎಲ್ಲರಿಗೂ ಕೇಳುವಂತೆ ವಿಚಾರಿಸುವ ವೈದ್ಯರು ಇನ್ನೂ ಇದ್ದಾರೆ. ಅವರಿಗೆ ಹೇಳಬೇಕಾದುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳಿದೆ. 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ಅವರ ವಿಷಯ ಅಲ್ಲಿಗೇ ಬಿಡೋಣ.

ನನ್ನ ತಕರಾರು ಒಳ್ಳೆಯ ವೈದ್ಯರ ಮೇಲೆ. ರೋಗಿಯನ್ನು ಹೆಸರು ಹಿಡಿದು ಕರೆಯುವ, ಮಗಳ ಪರೀಕ್ಷೆ ಹೇಗಾಯಿತೆಂದು ಕೇಳುವ, ಬಸ್ಸು ತಪ್ಪುತ್ತದೆ ಎಂದರೆ ಸಾಲಿನಲ್ಲಿ ಮುಂದೆ ಬಿಡುವ ವೈದ್ಯರ ಮೇಲೆ. ಅವರ ಕರುಣೆಯೇ ಎಚ್‌ಐವಿ ಇರುವ ಎಷ್ಟೋ ರೋಗಿಗಳಿಗೆ ಖಿನ್ನತೆಯ ಚಿಕಿತ್ಸೆ ಸಿಗದಂತೆ ಮಾಡುತ್ತಿದೆ. ಹೇಗೆ ಎಂದು ಹೇಳುತ್ತೇನೆ.

ಮಳವಳ್ಳಿ ಕಡೆಯ ಒಬ್ಬ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಪರೀಕ್ಷೆಯಾಗಿ ತನಗೂ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಗಂಡನ ಮನೆಯವರು ತಟ್ಟೆ ಲೋಟ ಬೇರೆ ಮಾಡಿದರು. ಅಣ್ಣನ ಮನೆಗೆ ಬಂದಳು. ಅಲ್ಲಿ ಅತ್ತಿಗೆಗೆ ಹೇಳಿಲ್ಲ. ಮೂರು ಹೊತ್ತೂ ಅಡುಗೆಮನೆಯಲ್ಲಿ ಇರುತ್ತಾಳೆ, ಆದರೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಇದನ್ನೆಲ್ಲ ಅವಳು ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ವೈದ್ಯರ ಮುಂದೆ ಹೇಳಿದ್ದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡಿದ್ದರು. ‘ನಿನ್ನ ಜಾಗದಲ್ಲಿ ಯಾರಿದ್ದರೂ ಹೀಗೇ ಆಗುತ್ತದಮ್ಮ, ಧೈರ್ಯ ತಂದುಕೋ’ ಎಂದಿದ್ದರು. ಅವಳ ಹಸಿರು ಪುಸ್ತಕದಲ್ಲಿ, ಅಂದರೆ ರೋಗಿಯ ಚಿಕಿತ್ಸೆಯ ದಾಖಲೆ ಪುಸ್ತಕದಲ್ಲಿ, ಆ ದಿನದ ಸಾಲಿನಲ್ಲಿ ತೂಕ ಬರೆದಿದೆ, ಮಾತ್ರೆ ಕೊಟ್ಟ ಲೆಕ್ಕ ಬರೆದಿದೆ. ಮನಸ್ಸಿನ ಬಗ್ಗೆ ಒಂದಕ್ಷರವಿಲ್ಲ. ಅದು ಉದಾಸೀನವಲ್ಲ. ಆ ವೈದ್ಯರಿಗೆ ಅವಳ ದುಃಖ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಅದೊಂದು ಕಾಯಿಲೆ ಇರಬಹುದೆಂದು ಹೊಳೆಯಲೇ ಇಲ್ಲ.

ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡವನನ್ನು ನಿಮ್ಮಲ್ಲಿಗೆ ತಂದರೆ ‘ಅಷ್ಟು ಎತ್ತರದಿಂದ ಬಿದ್ದರೆ ಯಾರ ಕಾಲಾದರೂ ಮುರಿಯುತ್ತದೆ’ ಎಂದು ಬೆನ್ನು ತಟ್ಟಿ ಕಳಿಸುವುದಿಲ್ಲ. ಕಾರಣ ಕಣ್ಣಿಗೆ ಕಾಣುತ್ತಿದೆ ಎನ್ನುವುದು ಚಿಕಿತ್ಸೆ ಬೇಡವೆನ್ನಲು ಕಾರಣವಾಗುವುದಿಲ್ಲ. ಮೂಳೆಯ ವಿಷಯದಲ್ಲಿ ನಮಗಿದು ಗೊತ್ತು, ಮನಸ್ಸಿನ ವಿಷಯಕ್ಕೆ ಬಂದಾಗ ಮರೆಯುತ್ತೇವೆ.

‘ಯಾರಿಗಾದರೂ ಹೀಗೇ ಆಗುತ್ತದೆ’ ಎನ್ನುವ ಮಾತು ಲೆಕ್ಕದಲ್ಲೂ ತಪ್ಪು. ಎಚ್‌ಐವಿ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ನಾವು ಇಷ್ಟನ್ನು ಓದಿ ನಿಲ್ಲಿಸಿಬಿಡುತ್ತೇವೆ. ಅದೇ ಅಂಕಿಯನ್ನು ಮಗುಚಿ ನೋಡಿ: ಎಚ್‌ಐವಿ ಇರುವ ಬಹುಪಾಲು ಜನರಿಗೆ ಯಾವುದೇ ಒಂದು ಹೊತ್ತಿನಲ್ಲಿ ಖಿನ್ನತೆ ಇರುವುದಿಲ್ಲ. ಅವರಿಗೂ ಅದೇ ಅತ್ತಿಗೆ, ಅದೇ ಊರು, ಅದೇ ಮಾತ್ರೆ. ಅವರು ಅಳುತ್ತಾರೆ, ಸಿಟ್ಟಾಗುತ್ತಾರೆ, ಮರುದಿನ ಗದ್ದೆಗೆ ಹೋಗುತ್ತಾರೆ, ಮೊಮ್ಮಗುವನ್ನು ನೋಡಿ ನಗುತ್ತಾರೆ. ಹಾಗಿದ್ದ ಮೇಲೆ ಎರಡು ವಾರ, ಮೂರು ವಾರ ಕಳೆದರೂ ಯಾವುದರಲ್ಲೂ ರುಚಿಯಿಲ್ಲದೆ ಕೂತಿರುವವರಿಗೆ ಬೇರೇನೋ ಆಗಿದೆ ಎಂದಲ್ಲವೇ? ಅದು ಎಚ್‌ಐವಿಯ ಜೊತೆ ಉಚಿತವಾಗಿ ಬಂದದ್ದಲ್ಲ. ಅದಕ್ಕೆ ಅದರದೇ ಚಿಕಿತ್ಸೆ ಇದೆ.

ಈ ಧೋರಣೆ ಎಲ್ಲಿಂದ ಬಂತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದಲ್ಲಿ ಮೊದಲ ಪ್ರಕರಣಗಳು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಸರ್ಕಾರ ಉಚಿತವಾಗಿ ಎಆರ್‌ಟಿ ಮಾತ್ರೆ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ನಡುವಿನ ಹದಿನೆಂಟು ವರ್ಷ ಬಡ ರೋಗಿಗೆ ವೈದ್ಯರು ಕೊಡಬಹುದಾಗಿದ್ದದ್ದು ಕ್ಷಯಕ್ಕೆ ಔಷಧಿ, ಭೇದಿಗೆ ಔಷಧಿ ಮತ್ತು ಸಮಾಧಾನದ ಮಾತು. ಕರ್ನಾಟಕ ಆಗ ದೇಶದಲ್ಲಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಒಂದು. ಆ ಕಾಲದಲ್ಲಿ ತರಬೇತಾದ ವೈದ್ಯರು ಸಾಯುವವರ ಕೈ ಹಿಡಿದು ಕೂರುವುದನ್ನು ಕಲಿತರು. ಅದು ಸಣ್ಣ ವಿದ್ಯೆಯಲ್ಲ. ಆದರೆ ಸಾಯಲಿರುವವನ ದುಃಖಕ್ಕೆ ಮದ್ದು ಹುಡುಕುವ ಅಭ್ಯಾಸ ಅದರಿಂದ ಬರುವುದಿಲ್ಲ. ಈಗ ಕಾಲ ಬದಲಾಗಿದೆ. 2017ರಿಂದ ಸಿಡಿ4 (ರೋಗನಿರೋಧಕ ಜೀವಕೋಶಗಳ ಎಣಿಕೆ) ಎಷ್ಟೇ ಇರಲಿ, ಪತ್ತೆಯಾದ ಕೂಡಲೇ ಮಾತ್ರೆ ಶುರುಮಾಡುತ್ತೇವೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದೂ ಇಲ್ಲ. ಮೂವತ್ತು ವರ್ಷದ ಹೆಂಗಸು ಎಪ್ಪತ್ತರವರೆಗೂ ಬದುಕಬಲ್ಲಳು. ನಲವತ್ತು ವರ್ಷ ಅವಳು ಹೇಗೆ ಬದುಕಬೇಕು? ಬೆಳಗಿನ ಜಾವ ಮೂರಕ್ಕೆ ಎದ್ದು ಸೂರು ನೋಡುತ್ತಲೇ?

ಎರಡನೆಯ ತೊಡಕು ಅಂಕಿಯ ಮೋಹ. ಎಆರ್‌ಟಿ ವ್ಯವಸ್ಥೆ ನಿಂತಿರುವುದೇ ಎಣಿಕೆಯ ಮೇಲೆ: ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿದೆ, ಸಿಡಿ4 ಕೌಂಟ್ ಎಷ್ಟು, ವೈರಲ್ ಲೋಡ್ ಎಷ್ಟು. ಬೇರೆ ಯಾವ ದೀರ್ಘಕಾಲದ ಕಾಯಿಲೆಗೂ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇಷ್ಟು ಅಚ್ಚುಕಟ್ಟಾದ ಲೆಕ್ಕವಿಲ್ಲ; ಸಕ್ಕರೆ ಕಾಯಿಲೆಗೂ ಹೀಗಿದ್ದರೆ ಮಂಡ್ಯದಲ್ಲಿ ಎಷ್ಟು ಕಾಲುಗಳು ಉಳಿಯುತ್ತಿದ್ದವೋ. ಅದಿರಲಿ. ಖಿನ್ನತೆ ಬಂದವರು ಮಾತ್ರೆ ತಪ್ಪಿಸುತ್ತಾರೆ ಎಂಬುದು ನಮಗೆಲ್ಲ ಗೊತ್ತು, ತರಬೇತಿಯಲ್ಲೂ ಹೇಳುತ್ತಾರೆ. ಆದರೆ ಅದನ್ನೇ ತಲೆಯಲ್ಲಿಟ್ಟುಕೊಂಡು ನಾವು ಇನ್ನೊಂದು ತೀರ್ಮಾನಕ್ಕೆ ಬಂದಿದ್ದೇವೆ: ಮಾತ್ರೆ ತಪ್ಪದವರ ಮನಸ್ಸು ಚೆನ್ನಾಗಿದೆ ಎಂದು.

ಮದ್ದೂರು ಕಡೆಯ ಒಬ್ಬ ರೈತರನ್ನು ನೋಡಿದ್ದೆ. ಐದು ವರ್ಷದಲ್ಲಿ ಒಂದು ಮಾತ್ರೆ ತಪ್ಪಿಸಿದವರಲ್ಲ. ಮೊಬೈಲಿನಲ್ಲಿ ರಾತ್ರಿ ಒಂಬತ್ತಕ್ಕೆ ಅಲಾರಂ. ವೈರಲ್ ಲೋಡ್ ಪ್ರತಿ ಸಲವೂ ಪತ್ತೆಯಾಗದ ಮಟ್ಟ. ಕೇಂದ್ರದಲ್ಲಿ ಹೊಸಬರಿಗೆ ‘ಇವರನ್ನು ನೋಡಿ ಕಲಿಯಿರಿ’ ಎಂದು ತೋರಿಸುತ್ತಿದ್ದರು. ನನ್ನ ಬಳಿ ಬಂದದ್ದು ಬೇರೆ ಕಾರಣಕ್ಕೆ, ಹೆಂಡತಿಯ ಜೊತೆ, ಆಕೆಗೆ ನಿದ್ದೆ ಬಾರದೆಂದು. ಮಾತಿನ ನಡುವೆ ಆಕೆಯೇ ಹೇಳಿದರು: ‘ನನ್ನದಿರಲಿ ಸಾರ್, ಇವರು ಎರಡು ವರ್ಷದಿಂದ ಯಾರ ಮದುವೆಗೂ ಬಂದಿಲ್ಲ. ಕಬ್ಬು ಕಡಿಸುವುದನ್ನೂ ನಾನೇ ನೋಡುತ್ತೇನೆ.’ ಅವರನ್ನು ಕೇಳಿದೆ. ‘ಮಗಳ ಮದುವೆ ಆಗುವವರೆಗೆ ಮಾತ್ರೆ ನುಂಗಬೇಕಲ್ಲ ಸಾರ್, ಆಮೇಲೆ ನೋಡೋಣ’ ಎಂದರು. ಆಮೇಲೆ ಏನು ನೋಡುವುದು ಎಂದು ಕೇಳಿದಾಗ ತಲೆ ತಗ್ಗಿಸಿದರು. ಮಾತ್ರೆಯ ಲೆಕ್ಕದಲ್ಲಿ ನೂರಕ್ಕೆ ನೂರು ಇದ್ದ ಆ ಮನುಷ್ಯ ತನ್ನ ಸಾವಿಗೆ ದಿನ ಗೊತ್ತುಮಾಡಿಕೊಂಡಿದ್ದರು. ನಮ್ಮ ರಿಜಿಸ್ಟರಿನಲ್ಲಿ ಇದು ಕಾಣುವ ಕಾಲಂ ಇಲ್ಲ.

ಕೋವಿಡ್ ಕಾಲದಲ್ಲಿ ಬೇರು ಬಿಟ್ಟ ಒಂದು ಒಳ್ಳೆಯ ಅನುಕೂಲ ಇದೆ, ಆರೋಗ್ಯ ಸ್ಥಿರವಾಗಿರುವವರಿಗೆ ಒಟ್ಟಿಗೆ ಎರಡು ಮೂರು ತಿಂಗಳ ಮಾತ್ರೆ ಕೊಡುವುದು. ಕೂಲಿ ಉಳಿಯುತ್ತದೆ, ಬಸ್ ಚಾರ್ಜು ಉಳಿಯುತ್ತದೆ. ನಾನು ಇದರ ಪರ. ಆದರೆ ಅಂಕಿ ಚೆನ್ನಾಗಿರುವ ಇಂಥವರು ವೈದ್ಯರ ಕಣ್ಣಿಗೆ ಬೀಳುವುದೇ ಈಗ ವರ್ಷಕ್ಕೆ ನಾಲ್ಕಾರು ಸಲ. ಆ ನಾಲ್ಕಾರು ಸಲದಲ್ಲಿ ಏನು ಕೇಳುತ್ತೇವೆ ಎನ್ನುವುದು ಮೊದಲಿಗಿಂತ ಮುಖ್ಯವಾಗಿದೆ.

ಏನು ಕೇಳುತ್ತೇವೆ? ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತದೆಯಾ. ಕ್ಷಯ ಪತ್ತೆಗಾಗಿ ಈ ನಾಲ್ಕು ಪ್ರಶ್ನೆಗಳನ್ನು ಪ್ರತಿ ಭೇಟಿಯಲ್ಲೂ ಪ್ರತಿಯೊಬ್ಬರಿಗೂ ಕೇಳಬೇಕೆಂಬ ನಿಯಮವಿದೆ. ಎದುರಿಗಿರುವವರು ಗಟ್ಟಿಮುಟ್ಟಾಗಿ ಕಂಡರೂ ಕೇಳುತ್ತೇವೆ. ‘ಹೊರಗೆ ಎಂಬತ್ತು ಜನ ಕಾಯುತ್ತಿದ್ದಾರೆ, ಮನಸ್ಸಿನ ವಿಷಯ ತೆಗೆದರೆ ಮುಗಿಯುವುದಿಲ್ಲ’ ಎನ್ನುವವರಿಗೆ ನನ್ನ ಉತ್ತರ ಇದೇ. ನಾಲ್ಕರ ಜೊತೆ ಇನ್ನೆರಡು ಸೇರಿಸಿ. ಕಳೆದ ಎರಡು ವಾರಗಳಲ್ಲಿ ಮಾಡುವ ಕೆಲಸದಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿತ್ತೇ? ಮನಸ್ಸು ಕುಗ್ಗಿ, ಏನೂ ಸರಿಹೋಗುವುದಿಲ್ಲ ಅನ್ನಿಸಿತ್ತೇ? ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ: ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವೂ. ಒಟ್ಟು ಮೂರು ದಾಟಿದರೆ, ಅಥವಾ ಮೂರೇ ಬಂದರೂ, ಉಳಿದ ಏಳು ಪ್ರಶ್ನೆ. ಇದು ಪಿಎಚ್‌ಕ್ಯೂ ಎಂಬ ಪ್ರಶ್ನಾವಳಿ. ಪೂರ್ಣ ಒಂಬತ್ತು ಪ್ರಶ್ನೆಗೆ 27 ಅಂಕ, ಹತ್ತು ಅಥವಾ ಮೇಲೆ ಬಂದರೆ ಚಿಕಿತ್ಸೆಯ ಮಾತು ಆಡಬೇಕು. ಮೊದಲ ಎರಡು ಪ್ರಶ್ನೆಗೆ ವೈದ್ಯರೇ ಬೇಕಿಲ್ಲ. ತೂಕ ನೋಡುವ ಸಿಸ್ಟರ್ ಕೇಳಬಹುದು. ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿರುವುದು ಕಾಣುತ್ತಿದೆ, ಸಂತೋಷ.

ಆದರೆ ನಮ್ಮ ಕಡೆಯ ಹೆಂಗಸರು ‘ಮನಸ್ಸು ಕುಗ್ಗಿದೆ’ ಎಂದು ಬರುವುದಿಲ್ಲ. ಸುಸ್ತು ಎನ್ನುತ್ತಾರೆ. ಮೈಕೈ ನೋವು, ಎದೆ ಭಾರ, ಊಟ ಸೇರುವುದಿಲ್ಲ, ತಲೆ ಧಿಮಿಧಿಮಿ. ಇದಕ್ಕೆ ನಮ್ಮ ಔಷಧ ಚೀಟಿ ಮೊದಲೇ ಸಿದ್ಧವಾಗಿರುತ್ತದೆ: ಬಿ ಕಾಂಪ್ಲೆಕ್ಸ್, ಒಂದು ಟಾನಿಕ್, ನಿದ್ದೆಯಿಲ್ಲವೆಂದರೆ ಆಲ್‌ಪ್ರಜೋಲಾಂ. ಕೊನೆಯದು ಅಭ್ಯಾಸವಾಗಿಬಿಡುವ ಮಾತ್ರೆ, ಖಿನ್ನತೆಯನ್ನು ವಾಸಿಮಾಡುವುದಿಲ್ಲ. ತಮಾಷೆಯೆಂದರೆ, ಇದನ್ನು ಕಣ್ಣುಮುಚ್ಚಿ ಬರೆಯುವ ವೈದ್ಯರೇ ಖಿನ್ನತೆಯ ಮಾತ್ರೆ ಎಂದರೆ ‘ಅಯ್ಯೋ, ಅಭ್ಯಾಸವಾಗಿಬಿಡುತ್ತದೆ’ ಎಂದು ಹಿಂದೆ ಸರಿಯುತ್ತಾರೆ. ಗಂಡಸರ ಕಥೆ ಬೇರೆ. ಅವರು ಸಂಜೆಯ ಕ್ವಾರ್ಟರ್‌ನಲ್ಲಿ ಚಿಕಿತ್ಸೆ ಮಾಡಿಕೊಳ್ಳುತ್ತಿರುತ್ತಾರೆ. ನಾವು ‘ಕುಡಿಯಬೇಡ’ ಎಂದು ಗದರುತ್ತೇವೆಯೇ ಹೊರತು ಯಾಕೆ ಕುಡಿಯುತ್ತಾನೆಂದು ಕೇಳುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು, ನನ್ನ ವಾದಕ್ಕೇ ವಿರುದ್ಧವಾದ ಒಂದು ಎಚ್ಚರಿಕೆ ಹೇಳಬೇಕು. ಎಲ್ಲವನ್ನೂ ಖಿನ್ನತೆ ಎನ್ನಬೇಡಿ. ಸಿಡಿ4 ನೂರಕ್ಕಿಂತ ಕೆಳಗಿರುವವರು ಇದ್ದಕ್ಕಿದ್ದಂತೆ ಮಂಕಾಗಿ, ಮಾತು ಕಡಿಮೆಯಾಗಿ, ತಲೆನೋವು ಎನ್ನುತ್ತಿದ್ದರೆ ಅವರನ್ನು ನನ್ನ ಹತ್ತಿರ ಕಳಿಸಬೇಡಿ. ಕ್ರಿಪ್ಟೋಕಾಕಸ್ ಶಿಲೀಂಧ್ರದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಇರಬಹುದು, ಕ್ಷಯದ ಮೆನಿಂಜೈಟಿಸ್ ಇರಬಹುದು, ಮಿದುಳಿಗೆ ಟಾಕ್ಸೊಪ್ಲಾಸ್ಮಾ ಪರಾವಲಂಬಿಯ ಸೋಂಕು ಇರಬಹುದು. ಅದು ತುರ್ತು. ಹಾಗೆಯೇ ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಬಿ12 ನೋಡಿ. ಜಿಡೊವುಡಿನ್ ಎಂಬ ಹಳೆಯ ಎಆರ್‌ಟಿ ಮಾತ್ರೆಯಲ್ಲಿರುವವರಿಗೆ ರಕ್ತ ಕಡಿಮೆಯಾಗುವುದು ಸಾಮಾನ್ಯ. ನೋಡಿ, ಆದರೆ ರಕ್ತದ ವರದಿ ಸರಿಯಿದ್ದರೆ ‘ನಿಮಗೇನೂ ಇಲ್ಲ’ ಎಂದು ಮಾತ್ರ ಹೇಳಬೇಡಿ. ಸುಸ್ತಿನಿಂದ ಬಂದವರು ಅದನ್ನು ಕೇಳಿಸಿಕೊಂಡು ಇನ್ನಷ್ಟು ಸುಸ್ತಾಗಿ ಹೋಗುತ್ತಾರೆ.

ಔಷಧಿಯ ಭಯಕ್ಕೆ ಬರೋಣ. ಎಆರ್‌ಟಿ ಮಾತ್ರೆಯ ಜೊತೆ ಖಿನ್ನತೆಯ ಮಾತ್ರೆ ಸೇರಿದರೆ ಏನಾಗುತ್ತದೋ ಎಂಬ ಅಂಜಿಕೆಗೆ ಹಿಂದೆ ಕಾರಣವಿತ್ತು. ರಿಟೊನಾವಿರ್ ಎಂಬ ಎಆರ್‌ಟಿ ಔಷಧಿಯಲ್ಲಿರುವವರಲ್ಲಿ ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಹಳೆಯ ಮಾತ್ರೆಗಳ ಮಟ್ಟ ರಕ್ತದಲ್ಲಿ ಏರುತ್ತದೆ. ಎಫಾವಿರೆಂಜ್ ಎಂಬ ಇನ್ನೊಂದು ಎಆರ್‌ಟಿ ಔಷಧಿ, ಖಿನ್ನತೆಯ ಮಾತ್ರೆಯಾದ ಸರ್ಟ್ರಾಲಿನ್‌ನ ಮಟ್ಟವನ್ನು ಇಳಿಸುತ್ತದೆ. ಎಫಾವಿರೆಂಜ್ ತಾನೇ ಕೆಟ್ಟ ಕನಸು, ತಲೆಸುತ್ತು, ಕೆಲವರಲ್ಲಿ ಖಿನ್ನತೆ ತರುತ್ತಿತ್ತು. ಅದನ್ನು ರಾತ್ರಿ ಮಲಗುವಾಗ ಕೊಡುತ್ತಿದ್ದುದೇ ಅದಕ್ಕೆ. ಆ ಕನಸುಗಳನ್ನು ರೋಗಿಗಳು ಹೇಳಿದಾಗ ‘ಕಾಯಿಲೆಯ ಯೋಚನೆ ಮಾಡಬೇಡಿ’ ಎಂದು ಬುದ್ಧಿ ಹೇಳಿ ಕಳಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಈಗ ಬಹುತೇಕರು ಡೊಲುಟೆಗ್ರಾವಿರ್ ಇರುವ ಮಾತ್ರೆಗೆ ಬದಲಾಗಿದ್ದಾರೆ. ಇದರಿಂದಲೂ ಕೆಲವರಿಗೆ ನಿದ್ದೆಗೆಡುತ್ತದೆ, ಆಗ ಬೆಳಿಗ್ಗೆ ತೆಗೆದುಕೊಳ್ಳಲು ಹೇಳಿದರೆ ಎಷ್ಟೋ ಸಲ ಸರಿಹೋಗುತ್ತದೆ. ಎಸಿಟಲೊಪ್ರಾಂ, ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆಗಳ ಜೊತೆ ಡೊಲುಟೆಗ್ರಾವಿರ್‌ಗೆ ದೊಡ್ಡ ಜಗಳವಿಲ್ಲ. ಹಿಂದೆಂದಾದರೂ ಉನ್ಮಾದ ಬಂದಿತ್ತೇ ಎಂದು ಒಂದು ಮಾತು ವಿಚಾರಿಸಿ, ಎಸಿಟಲೊಪ್ರಾಂ 5 ಮಿಲಿಗ್ರಾಂನಿಂದ ಶುರುಮಾಡಿ ವಾರದ ನಂತರ 10ಕ್ಕೆ ಏರಿಸುವುದು ಯಾವ ಎಂಬಿಬಿಎಸ್ ವೈದ್ಯರಿಂದಲೂ ಆಗುವ ಕೆಲಸ. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಈ ಮೂರು ಮಾತು ಹೇಳದೆ ಚೀಟಿ ಬರೆದರೆ ಮೂರನೇ ದಿನ ಮಾತ್ರೆ ಮೂಲೆ ಸೇರುತ್ತದೆ.

‘ನಾವೇಕೆ ಬರೆಯಬೇಕು, ನೀವಿದ್ದೀರಲ್ಲ’ ಎಂದು ಯಾರೋ ಮೆಲ್ಲಗೆ ಅಂದದ್ದು ಕೇಳಿಸಿತು. ಸರಿಯಾದ ಪ್ರಶ್ನೆ. ಚೀಟಿ ಬರೆದು ಮನೋವೈದ್ಯರ ಹತ್ತಿರ ಕಳಿಸಿದಾಗ ಏನಾಗುತ್ತದೆ ನೋಡಿ. ಎಆರ್‌ಟಿ ಮಾತ್ರೆಗೇ ನಾಗಮಂಗಲದವರು ಮಂಡ್ಯಕ್ಕೆ ಬಾರದೆ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗುತ್ತಾರೆ, ನಂಜನಗೂಡಿನವರು ಮಂಡ್ಯಕ್ಕೆ ಬರುತ್ತಾರೆ. ಪರಿಚಯದವರು ಕಣ್ಣಿಗೆ ಬೀಳಬಾರದು ಎಂದು. ಎಆರ್‌ಟಿ ಕೇಂದ್ರದ ಒಂದು ಕೋಣೆಯೊಳಗೆ ನಾಲ್ಕು ಜನರಿಗೆ ಗುಟ್ಟು ಹೇಳಲು ಅವರು ವರ್ಷಗಟ್ಟಲೆ ತೆಗೆದುಕೊಂಡಿರುತ್ತಾರೆ. ಈಗ ಬೇರೆ ಕಟ್ಟಡ, ಬೇರೆ ಸಾಲು, ಬೇರೆ ಹೌಸ್ ಸರ್ಜನ್ನು, ಮತ್ತೆ ಮೊದಲಿನಿಂದ ಕಥೆ. ‘ತಲೆ ಡಾಕ್ಟರ’ ಬಾಗಿಲಲ್ಲಿ ಕೂತದ್ದನ್ನು ಯಾರಾದರೂ ಕಂಡರೆ ಇನ್ನೊಂದು ಹಣೆಪಟ್ಟಿ. ಚೀಟಿ ಜೇಬಿನಲ್ಲೇ ಮಾಸುತ್ತದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಒಳ್ಳೆಯದೇ. ಆದರೆ ಮಾತ್ರೆಗೆ ಗುರುವಾರ ಬರುವವರು ಮಂಗಳವಾರ ಇನ್ನೊಂದು ಕೂಲಿ ಕಳೆದುಕೊಳ್ಳಬೇಕು. ಆತ್ಮಹತ್ಯೆಯ ಯೋಚನೆ, ಉನ್ಮಾದ, ಭ್ರಮೆ, ಎರಡು ತಿಂಗಳಾದರೂ ಮಾತ್ರೆಗೆ ಬಗ್ಗದ ಖಿನ್ನತೆ, ಇಂಥವರನ್ನು ನನಗೆ ಕಳಿಸಿ. ಉಳಿದವರಿಗೆ ಆ ಕೋಣೆಯಲ್ಲೇ, ಆ ದಿನವೇ, ಗೊತ್ತಿರುವ ಮುಖದಿಂದಲೇ ಚಿಕಿತ್ಸೆ ಶುರುವಾಗಲಿ.

ಎಲ್ಲಕ್ಕೂ ಮಾತ್ರೆಯೇ ಆಗಬೇಕೆಂದೂ ಇಲ್ಲ. ಜಿಂಬಾಬ್ವೆಯಲ್ಲಿ ಚಿಕಿತ್ಸಾಲಯದ ಅಂಗಳದ ಬೆಂಚಿನ ಮೇಲೆ ತರಬೇತಿ ಪಡೆದ ಅಜ್ಜಿಯರು ಕೂತು ಜನರ ಕಷ್ಟ ಕೇಳುತ್ತಾರೆ. ಆ ಪದ್ಧತಿಯನ್ನು ಪರೀಕ್ಷೆಗೆ ಒಡ್ಡಿ 2016ರಲ್ಲಿ ಪ್ರಕಟಿಸಿದರು, ಖಿನ್ನತೆ ನಿಜವಾಗಿ ಇಳಿದಿತ್ತು. ಅಲ್ಲಿಗೆ ಬಂದವರಲ್ಲಿ ದೊಡ್ಡ ಪಾಲು ಎಚ್‌ಐವಿ ಇದ್ದವರೇ. ನಮ್ಮ ಪಕ್ಕದ ಗೋವಾದಲ್ಲೂ ವೈದ್ಯರಲ್ಲದ ಸಮಾಲೋಚಕರಿಂದ ಇಂಥದೇ ಫಲ ಬಂದಿದೆ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿಕೊಂಡ ಅಶೋದಯ ಸಮಿತಿ ಇದೆ. ಅಂಥ ಕಡೆ ಕೆಲಸ ಮಾಡುವ ಹೆಂಗಸೊಬ್ಬಳು ಹತ್ತು ನಿಮಿಷದಲ್ಲಿ ಹೊರತೆಗೆಯುವ ಮಾತನ್ನು ನಾನು ಮೂರು ಭೇಟಿಯಲ್ಲಿ ತೆಗೆಯಲಾರೆ.

ಇನ್ನೊಂದು ಗುಂಪನ್ನು ನೆನಪಿಸಿ ಮುಗಿಸುತ್ತೇನೆ. ಹುಟ್ಟುವಾಗಲೇ ಸೋಂಕು ಪಡೆದು ಬಂದ ಮಕ್ಕಳು ಈಗ ಇಪ್ಪತ್ತು ದಾಟಿದ್ದಾರೆ. ಇವರ ದುಃಖಕ್ಕೂ ವೈದ್ಯರು ಹಳೆಯ ವಿವರಣೆಯನ್ನೇ ಹಚ್ಚುತ್ತಾರೆ, ‘ಕಾಯಿಲೆಯ ಚಿಂತೆ’ ಎಂದು. ಒಬ್ಬ ಹುಡುಗ ನನಗೆ ಹೇಳಿದ, ಕಾಯಿಲೆ ನನಗೆ ಹಲ್ಲುಜ್ಜಿದಂತೆ ಸಾರ್, ನೆನಪೂ ಇರುವುದಿಲ್ಲ ಎಂದು. ಅವನ ಚಿಂತೆ ಅಜ್ಜಿಯದು. ಅಪ್ಪ ಅಮ್ಮ ಹೋದ ಮೇಲೆ ಸಾಕಿದ ಅಜ್ಜಿ ಈಗ ಹಾಸಿಗೆ ಹಿಡಿದಿದ್ದಾಳೆ. ತನ್ನ ವಿಷಯ ಗೊತ್ತಿರುವ ಜೀವ ಊರಿನಲ್ಲಿ ಅವಳೊಬ್ಬಳೇ. ಮೂರು ವರ್ಷದಿಂದ ಅವನನ್ನು ನೋಡುತ್ತಿದ್ದ ವೈದ್ಯರಿಗೆ ಅಜ್ಜಿಯ ವಿಷಯ ಗೊತ್ತಿರಲಿಲ್ಲ. ಕಾರಣ ತಮಗೆ ಮೊದಲೇ ಗೊತ್ತಿದೆ ಅಂದುಕೊಂಡಿದ್ದರಿಂದ ಅವರು ಕೇಳಿರಲಿಲ್ಲ.

(ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಎರಡು.)

ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಆಗುವುದಿಲ್ಲವೇ ಎಂದು ಒಬ್ಬ ಹೌಸ್ ಸರ್ಜನ್ ಕೇಳಿದ್ದಾರೆ. ಆಗುವುದಿಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸುತ್ತಿ ಬಳಸಿ ಕೇಳಬೇಡಿ. ‘ಬದುಕಿರುವುದೇ ಬೇಡ ಅನ್ನಿಸುತ್ತದೆಯೇ? ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದೆಯೇ? ಹೇಗೆಂದು ಯೋಚಿಸಿದ್ದೀರಾ?’ ಈ ಕ್ರಮದಲ್ಲಿ ನೇರವಾಗಿ ಕೇಳಿ. ಹೌದೆಂದರೆ ಮನೆಯಲ್ಲಿ ಕೀಟನಾಶಕ ಎಲ್ಲಿಟ್ಟಿದ್ದಾರೆಂದು ಕೇಳಿ, ನಮ್ಮ ಜಿಲ್ಲೆಯಲ್ಲಿ ಅದು ಬಿಡಬಾರದ ಪ್ರಶ್ನೆ. ಅವರನ್ನು ಒಬ್ಬರೇ ಕಳಿಸಬೇಡಿ. ಜೊತೆಗೆ ಬರುವವರಿಗೆ ಎಚ್‌ಐವಿ ವಿಷಯ ಗೊತ್ತಿಲ್ಲದಿದ್ದರೆ ಅದನ್ನು ಹೇಳದೆಯೇ ಮನಸ್ಸಿನ ವಿಷಯ ಮಾತ್ರ, ರೋಗಿಯ ಒಪ್ಪಿಗೆ ಪಡೆದು ಹೇಳಬಹುದು. ಪೊಲೀಸ್ ಕೇಸಿನ ಭಯ ರೋಗಿಗಳಿಗೆ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮೂ ಇಲ್ಲ.

ಎರಡನೆಯದು ಆಪ್ತಸಮಾಲೋಚಕಿಯೊಬ್ಬರದು: ವೈದ್ಯರು ಒಪ್ಪದಿದ್ದರೆ ನಾವೇನು ಮಾಡುವುದು? ಎರಡು ಪ್ರಶ್ನೆಯ ಅಂಕವನ್ನು ಹಸಿರು ಪುಸ್ತಕದಲ್ಲಿ ತೂಕದ ಪಕ್ಕ ಬರೆಯಿರಿ. ನೀವು ‘ಈಕೆ ತುಂಬಾ ಬೇಜಾರಿನಲ್ಲಿದ್ದಾರೆ ಸಾರ್’ ಎಂದರೆ ಅವರು ‘ಪಾಪ’ ಎನ್ನುತ್ತಾರೆ. ‘ಆರಕ್ಕೆ ಐದು ಬಂದಿದೆ, ಹೋದ ಸಲವೂ ಐದೇ ಇತ್ತು’ ಎಂದರೆ ಪೆನ್ನು ತೆಗೆಯುತ್ತಾರೆ. ನಾವು ವೈದ್ಯರು ಅಂಕಿಗೆ ಬಗ್ಗುವ ಜಾತಿ. ರಾತ್ರಿ ಹೊತ್ತು ಸಂಕಟವಾದರೆ ಕರೆ ಮಾಡಲು 14416 ಇದೆ, ಟೆಲಿಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ; ಎಚ್‌ಐವಿ ಬಗ್ಗೆ 1097. ಎರಡನ್ನೂ ಮಾತ್ರೆ ಡಬ್ಬಿಯ ಮೇಲೆ ಅಂಟಿಸಬೇಡಿ, ಮನೆಯವರ ಕಣ್ಣಿಗೆ ಬೀಳುತ್ತದೆ. ಅವರ ಮೊಬೈಲಿನಲ್ಲಿ ಯಾವುದಾದರೂ ಹೆಸರಿನಲ್ಲಿ ಸೇವ್ ಮಾಡಿಕೊಡಿ.